ನಾಲ್ಕು ತಾಸಿನ ಕುಬಸ

ಇಳಕಲ್ಲಿನಿಂದ ಬೆಳಿಗ್ಗೆ ಎಂಟಕ್ಕೆ ಹೊರಟ ಬಸ್ಸು ಹುನಗುಂದದಲ್ಲಿ ಸುಮ್ಮನೆ ಅರ್ಧ ತಾಸು ನಿಂತು, ಅಮೀನಗಡ ದಾಟಿ ಬಾಗಲಕೋಟೆ ಮುಟ್ಟುವಾಗ ಹನ್ನೊಂದು ಹೊಡೆದಿತ್ತು. ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಬಿಸಿಲು ಕಾದ ಹಂಚಿನಂತಿತ್ತು. ನನ್ನ ತೊಡೆಯ ಮೇಲೆ ಬುತ್ತಿಯ ಗಂಟು, ಅವ್ವನ ತೊಡೆಯ ಮೇಲೆ ಹಸಿರು ಸೀರೆಯ ಗಂಟು. ನಾವು ಹೊರಟಿದ್ದು ಮುಂಬಯಿಯ ವಿಮಾನ ನಿಲ್ದಾಣಕ್ಕೆ. ವಿಮಾನ ಹತ್ತಲಿಕ್ಕಲ್ಲ, ವಿಮಾನ ಬದಲಿಸಲು ಅಲ್ಲಿ ಇಳಿಯುವ ನನ್ನ ತಂಗಿ ಶಾಂತಾಳನ್ನು ಕಂಡು ಬರಲಿಕ್ಕೆ.

ಶಾಂತಾಳ ಗಂಡ ಮಸ್ಕತ್ತಿನಲ್ಲಿ ನೌಕರಿಗಿದ್ದ. ಇವಳು ಹೈದರಾಬಾದಿನ ಅತ್ತೆಮನೆಯಲ್ಲಿ, ಐದು ತಿಂಗಳ ಬಸುರಿ. ಟಿಕೆಟ್ ಅವಸರದಲ್ಲಿ ಬಂತು, ತವರಿಗೆ ಬಂದು ಹೋಗಲು ವೇಳೆ ಉಳಿಯಲಿಲ್ಲ. ಮುಂಬಯಿಯಲ್ಲಿ ಎರಡಕ್ಕೆ ಇಳಿಯುತ್ತೇನೆ, ಮುಂದಿನ ವಿಮಾನ ಆರಕ್ಕೆ ಎಂದು ಬರೆದಿದ್ದಳು. ಅವ್ವ ಆ ಪತ್ರವನ್ನು ನನ್ನಿಂದ ಮೂರು ಸಲ ಓದಿಸಿ, "ನಾಕ್ ತಾಸ ಸಿಗ್ತಾವಲ್ಲೋ! ಅಷ್ಟರಾಗ ಎರಡು ಕುಬಸ ಮಾಡಬಹುದು," ಎಂದಳು. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಮಡಿಲಿಗೆ ಅಕ್ಕಿ-ಕಾಯಿ ಹಾಕಿ ಉಡಿ ತುಂಬುವುದೇ ಕುಬಸ. ಅದನ್ನು ತಪ್ಪಿಸಲು ಅವ್ವ ತಯಾರಿರಲಿಲ್ಲ.

ಆದರೆ ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಬಸುರಿಯ ಕಿವಿಗೆ ಸಾವಿನ ಸುದ್ದಿ ಬೀಳಬಾರದೆಂದು ಅವ್ವ ಹಟ ಹಿಡಿದಳು, ಬೀಗರೂ ಹೂಂ ಅಂದರು. ಅಂದಿನಿಂದ ಅಪ್ಪನ ಹೆಸರಿನಲ್ಲಿ ನಾನೇ ಪತ್ರ ಬರೆಯುತ್ತಿದ್ದೆ. ಅಂಥ ಹೊಲಸು ಕೆಲಸ ನನ್ನ ಜನ್ಮದಲ್ಲಿ ಇನ್ನೊಂದು ಮಾಡಿಲ್ಲ. ಕಾಲು ಬಾತಿದೆ, ಮಗ್ಗಕ್ಕೆ ಕೂಡಲು ಆಗುತ್ತಿಲ್ಲ ಎಂದು ನಾನು ಬರೆದರೆ, ಬಿಸಿ ಎಣ್ಣೆ ಹಚ್ಚಿ ತಿಕ್ಕಿಸಿಕೋ ಎಂದು ಅವಳು ತಿರುಗಿ ಬರೆಯುತ್ತಿದ್ದಳು.

ಬಾಗಲಕೋಟೆಯಲ್ಲಿ ರೈಲುಗಾಡಿಗೆ ಇನ್ನೂ ಐದು ತಾಸಿತ್ತು. ಅವ್ವ ಬಳೆ ಅಂಗಡಿಗೆ ಕರೆದೊಯ್ಯೆಂದಳು. ಶಾಂತಾಳಿಗೆಂದು ಬಳೆ ಕಟ್ಟಿಸಿಕೊಂಡ ಮೇಲೆ ಅವ್ವ ತನ್ನ ಎರಡೂ ಬರಿಗೈ ಮುಂದೆ ಚಾಚಿದಳು. ಅಂಗಡಿಯ ಮುದುಕ ಅವಳ ಕೈ ನೋಡಿದ, ಹಣೆ ನೋಡಿದ, ನನ್ನ ಮುಖ ನೋಡಿದ.

"ಯವ್ವಾ, ಹಿಂಗಂದ್ರ..." ಎಂದು ತಡೆದ.

"ಬಸುರಿ ಮಗಳ ಮುಂದ ಬರಿಗೈಲೆ ಹ್ಯಾಂಗ ನಿಂದರ್ಲಿ? ಇಡಪಾ," ಎಂದಳು ಅವ್ವ.

ಆತ ಹಸಿರು ಬಳೆ ಆರಿಸಿ ಇಟ್ಟ. ಹೊರಗೆ ಬಂದು ಅವ್ವ ಹಣೆಗೆ ಕುಂಕುಮ ಹಚ್ಚಿಕೊಂಡು, ಕೊರಳು ಕಾಣದಂತೆ ಸೆರಗು ಹೊದ್ದಳು. ನನಗೆ ಆ ಮುಖ ನೋಡುವುದಾಗಲಿಲ್ಲ. ಅಳು ಬಂತು, ಚಹಾ ಕುಡಿಯುವ ನೆವ ಮಾಡಿ ಆಚೆ ಹೋದೆ.

ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ, ಮುಂಬಯಿ ಸೇರಿ, ಗುರುತಿನವರ ಚಾಳಿನಲ್ಲಿ ಉಳಿದು, ಮರುದಿನ ಹನ್ನೆರಡಕ್ಕೇ ನಿಲ್ದಾಣದ ಹೊರಗೆ ನಿಂತೆವು. ಎರಡಾಯಿತು, ಮೂರಾಯಿತು. ಹೈದರಾಬಾದಿನ ವಿಮಾನ ಒಂದೂವರೆ ತಾಸು ತಡ. ಪರದೇಶದ ವಿಮಾನ ಹೊರಡುವುದು ಬೇರೆ ಕಟ್ಟಡದಿಂದಂತೆ, ಅಲ್ಲಿಗೆ ಟ್ಯಾಕ್ಸಿ ಮಾಡಬೇಕಂತೆ, ನಾಲ್ಕೂವರೆಗೆ ಒಳಗಿರಬೇಕಂತೆ. ಇದನ್ನೆಲ್ಲ ವಿಚಾರಿಸದೆ ಹೊರಟ ನನ್ನ ಬುದ್ಧಿಗಿಷ್ಟು! ಶಾಂತಾ ಸಿಕ್ಕು, ಮೂವರೂ ಆ ಕಟ್ಟಡ ಮುಟ್ಟುವಾಗ ನಾಲ್ಕು ತಾಸಿನಲ್ಲಿ ಉಳಿದದ್ದು ಕಾಲು ತಾಸು.

ಹೊರಗಿನ ಬೆಂಚಿನ ಮೇಲೇ ಅವಳನ್ನು ಕೂಡಿಸಿದೆವು. ಉಡಿಸಲು ವೇಳೆ ಎಲ್ಲಿ? ಅಪ್ಪ ನೇಯ್ದ ಕೊನೆಯ ಸೀರೆಯನ್ನು ಅವ್ವ ಅವಳ ಹೆಗಲಿಗೆ ಹೊದಿಸಿದಳು. ಬಳೆ ಇಡಿಸಿ, ಶೇಂಗಾ ಹೋಳಿಗೆ ಮುರಿದು ಬಾಯಿಗಿಟ್ಟಳು. ಶಾಂತಾ ಬಾಯ್ತುಂಬ ಹೋಳಿಗೆ ಇಟ್ಟುಕೊಂಡೇ ನಗುತ್ತ, "ಅಪ್ಪನ್ನೂ ಕರಕೊಂಡು ಬರಬೇಕಿಲ್ಲೋ," ಎಂದಳು. "ಕಾಲ್ ಬಾವು ಇಳದಿಲ್ಲವಾ," ಎಂದೆ.

ಉಡಿ ತುಂಬಲು ಅವ್ವ ಗಂಟಿನಲ್ಲಿ ತಂದ ಅಕ್ಕಿಗೆ ಕೈ ಹಾಕಿದಳು. ಹಾಕಿದ ಕೈ ಹಾಗೇ ನಿಂತಿತು. "ಯಾಕೋ ಕೈ ನಡಗ್ತಾವ," ಎಂದು ಗೊಣಗಿ, ಪಕ್ಕದಲ್ಲಿ ಕಸ ಗುಡಿಸುತ್ತಿದ್ದ ಮರಾಠಿ ಹೆಂಗಸನ್ನು ಕರೆದಳು. ಅವಳ ಹಣೆಯ ಮೇಲೆ ದೊಡ್ಡ ಕುಂಕುಮವಿತ್ತು. ಅವರಲ್ಲೂ ಇದೇ ಪದ್ಧತಿ, ಬಿಡಿಸಿ ಹೇಳಬೇಕಾಗಲಿಲ್ಲ. ಪೊರಕೆ ಬದಿಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಐದು ಬೊಗಸೆ ಅಕ್ಕಿ, ತೆಂಗಿನಕಾಯಿ ಹಾಕಿ ಪ್ರೀತಿಯಿಂದ ಉಡಿ ತುಂಬಿದಳು. ಸುಳ್ಳು ಬಳೆ ಇಟ್ಟುಕೊಳ್ಳಲು ಅಂಜದ ಅವ್ವ, ಗಂಡ ಸತ್ತ ಕೈಯಿಂದ ಮಗಳ ಉಡಿ ತುಂಬಲು ಅಂಜಿದಳು. ಶಾಂತಾ ಅವ್ವನ ಕೈಯನ್ನೇ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಅವಳ ಪೆಟ್ಟಿಗೆ ಎತ್ತಿಕೊಂಡು ಬಾಗಿಲ ಕಡೆ ನಡೆದೆ.

ಬಾಗಿಲಲ್ಲಿ ಪೆಟ್ಟಿಗೆ ಕೊಡುವಾಗ ಮೆಲ್ಲಗೆ ಕೇಳಿದಳು: "ಅಣ್ಣಾ, ಅಪ್ಪ ಯಾವಾಗ ಹೋದ?"

ಸುಳ್ಳು ಬಾಯಿಗೆ ಬರಲಿಲ್ಲ. "ಎರಡು ತಿಂಗಳಾತವಾ."

ಅವಳು ಉಡಿಯನ್ನು ಎರಡೂ ಕೈಯಿಂದ ಅವಚಿಕೊಂಡಳು. "ನನಗ ಗೊತ್ತಾತಂತ ಅವ್ವಗ ಹೇಳಬ್ಯಾಡ. ಭಾಳ ತ್ರಾಸ ತಗೊಂಡು ಬಂದಾಳ," ಎಂದವಳೇ ಹಿಂದಕ್ಕೆ ತಿರುಗಿ, ಬೆಂಚಿನ ಬಳಿ ನಿಂತ ಅವ್ವನಿಗೆ ಕೇಳುವಂತೆ ಕೂಗಿದಳು: "ಯವ್ವಾ, ಅಪ್ಪನ ಕಾಲಿಗೆ ದಿನಾ ಎಣ್ಣಿ ಹಚ್ಚಬೇ!"

"ಹಚ್ತೇನಿ, ನೀ ಹುಷಾರಾಗಿ ಹೋಗು," ಎಂದು ಅವ್ವ ಕೈ ಎತ್ತಿದಳು. ಬಳೆಗಳು ಸದ್ದು ಮಾಡಿದವು. ಶಾಂತಾ ಒಳಗೆ ಹೋದಳು, ಮತ್ತೆ ತಿರುಗಲಿಲ್ಲ.

ಬಂದ ದಾರಿಯಲ್ಲೇ ಮರಳಿದೆವು. ಬಾಗಲಕೋಟೆಯಲ್ಲಿ ಮಿರ್ಚಿ ಭಜಿ ತಂದುಕೊಟ್ಟರೆ ಅವ್ವ ಮುಟ್ಟಲಿಲ್ಲ. ಹುನಗುಂದದಲ್ಲಿ ಬಸ್ಸು ನಿಂತಾಗ, "ಮುಂದ ನಮ್ಮೂರ ಬಂತು, ಇವನ್ನ ತಗಿ," ಎಂದು ಇಳಿದು ನೀರಿನ ನಳದ ಹತ್ತಿರ ಕೂತಳು. ಬಳೆ ಒಡೆಯಲು ನನಗೆ ಧೈರ್ಯವಾಗಲಿಲ್ಲ. ಸಾಬೂನು ಹಚ್ಚಿ ಒಂದೊಂದಾಗಿ ಜಾರಿಸಿ ತೆಗೆದೆ.

"ಅಕಿಗೆ ಏನೂ ಗೊತ್ತಾಗ್ಲಿಲ್ಲ, ಹೌದಲ್ಲೋ?"

"ಇಲ್ಲಬೇ."

"ಎಣ್ಣಿ ಹಚ್ಚಂತ ಹೇಳಿ ಹೋದ್ಲು, ಹುಚ್ಚಿ," ಎಂದು ಅವ್ವ ಸಮಾಧಾನದಿಂದ ನಕ್ಕು, ನಳದ ಕೆಳಗೆ ಬಾಗಿ ಹಣೆ ತೊಳೆದುಕೊಂಡಳು.