ನೆಲ ಬಿಡುವ ಹೆಜ್ಜೆ

ನಮ್ಮ ಪಿ.ಟಿ. ಮೇಷ್ಟ್ರ ಶೂಗಳಲ್ಲಿ ಹಿಮ್ಮಡಿ ಎಂದೂ ಸವೆಯುತ್ತಿರಲಿಲ್ಲ. ಮುಂಗಾಲಿನ ಕಡೆ ಮಾತ್ರ ಅಟ್ಟೆ ಕಿತ್ತುಬಂದು ಬೆರಳು ಇಣುಕುತ್ತಿತ್ತು. ನಿಂತರೂ ತುದಿಗಾಲಲ್ಲೇ, ಯಾವುದೋ ಬಸ್ಸು ಹೊರಟೇಬಿಟ್ಟಿತು ಎನ್ನುವ ಹಾಗೆ. ತಿಪಟೂರಿನ ನಮ್ಮ ಕಾಲೇಜಿನಲ್ಲಿ ಉಳಿದ ಮೇಷ್ಟ್ರುಗಳು ಕುರ್ಚಿಯಲ್ಲಿ ಕೂತು ಟೀ ಕುಡಿದರೆ ಇವರು ಲೋಟ ಹಿಡಿದು ವರಾಂಡದ ಉದ್ದಕ್ಕೂ ಓಡಾಡಿ ಅರ್ಧ ಟೀ ನೆಲಕ್ಕೆ ಕುಡಿಸುತ್ತಿದ್ದರು. ನೋಡುವವರಿಗೇ ಸುಸ್ತಾಗುತ್ತಿತ್ತು. ನನಗೆ ಮಾತ್ರ ಆಗುತ್ತಿರಲಿಲ್ಲ, ಏಕೆಂದರೆ ನಾನೂ ಅದೇ ಜಾತಿಯ ಚಡಪಡಿಕೆಯವಳು.

ಎರಡು ಸಾವಿರದ ಇಸವಿಯ ಆಸುಪಾಸು. ಕಾಲೇಜುಗಳ ಕ್ರೀಡಾಕೂಟದಲ್ಲಿ ಆ ವರ್ಷದಿಂದ ಹುಡುಗಿಯರಿಗೂ ಪೋಲ್‌ವಾಲ್ಟ್ ಇಡುತ್ತಾರೆ ಎಂದು ಸುದ್ದಿ ಬಂತು. ಮೇಷ್ಟ್ರು ನಮ್ಮ ತರಗತಿಗೆ ನುಗ್ಗಿ, "ಉದ್ದನೆ ಗಳ ಹಿಡ್ಕೊಂಡು ಓಡೋರು ಯಾರಾದ್ರೂ ಇದೀರೇನ್ರಮ್ಮ?" ಎಂದು ಕೇಳಿದರು. ಎಲ್ಲರೂ ಕಿಸಕ್ಕನೆ ನಕ್ಕರು. ನಾನು ಕೈಯೆತ್ತಿದೆ. ಬಿಳಿಗೆರೆ ಕಡೆ ನಮ್ಮದು ತೆಂಗಿನ ತೋಟ. ಅಪ್ಪನಿಗೆ ಭುಜ ಬಿದ್ದುಹೋಗಿ ಕೈ ಮೇಲೇಳುತ್ತಿರಲಿಲ್ಲ. ಬಿದಿರಿನ ಗಳದ ತುದಿಗೆ ಕುಡುಗೋಲು ಕಟ್ಟಿಕೊಂಡು ಕಾಯಿ ಕೀಳುವ ಕೆಲಸ ನನ್ನದಾಗಿತ್ತು. ಅದರ ಮುಂದೆ ಕಾಲೇಜಿನ ಪೋಲ್ ನನಗೆ ಲೆಕ್ಕಕ್ಕೇ ಇರಲಿಲ್ಲ. ಮೊದಲ ದಿನ ನಾನು ಅದನ್ನು ಎತ್ತಿಕೊಂಡು ಓಡಿದ್ದು ನೋಡಿ ಮೇಷ್ಟ್ರಿಗೆ ಹಿಡಿಸಲಾರದಷ್ಟು ಖುಷಿ. "ಹುಟ್ಟುತ್ಲೇ ಗಳ ಹಿಡ್ಕೊಂಡು ಹುಟ್ಟಿದೀಯ ಕಣಮ್ಮ" ಎಂದರು.

ಆ ಖುಷಿ ಒಂದು ವಾರವೂ ಬಾಳಲಿಲ್ಲ. ಓಡಿಬಂದು, ಅಡ್ಡಕೋಲಿನ ಬುಡದಲ್ಲಿರುವ ಪೆಟ್ಟಿಗೆಯಂಥ ಗುಣಿಗೆ ಪೋಲಿನ ತುದಿ ಊರಿ, ಆ ಗಳಿಗೆಯಲ್ಲೇ ನೆಲ ಬಿಟ್ಟು ಹಾರಬೇಕು. ನಾನು ಓಡುವುದೇನೋ ಚೆನ್ನಾಗಿ ಓಡುತ್ತಿದ್ದೆ. ಗುಣಿ ಹತ್ತಿರ ಬಂದ ಕೂಡಲೇ ಕಾಲು ತೊಡರಿ ನಿಂತುಬಿಡುತ್ತಿದ್ದೆ. ಹುಡುಗರು ನನಗೆ 'ಏರ್ ಬ್ರೇಕ್' ಎಂದು ಹೆಸರಿಟ್ಟರು.

ಮೇಷ್ಟ್ರು ಗುಣಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಅವರು ಕೂರುತ್ತಿದ್ದುದು ಅದೊಂದೇ ಜಾಗದಲ್ಲಿ. ಯಾಕೆ ನಿಂತೆ ಎಂದು ನಾನು ವಿವರಿಸಲು ಹೋದರೆ, "ನೀನು ಹೇಳ್ಬೇಡ, ನಿನ್ನ ಕಾಲು ಹೇಳ್ತದೆ" ಎನ್ನುವರು. ಓಟ ಶುರುಮಾಡುವ ಕಡೆ ಗುರುತಿಗೆ ಇಟ್ಟ ತೆಂಗಿನ ಕರಟವನ್ನು ಒಂದು ದಿನ ಹಿಂದಕ್ಕೆ ಸರಿಸಿದರು, ಇನ್ನೊಂದು ದಿನ ಮುಂದಕ್ಕೆ. ಬರಿಗೈಯಲ್ಲಿ ಓಡಿಸಿದರು. ತಾವೇ ಪಕ್ಕದಲ್ಲಿ ಓಡಿಬಂದರು. ಎಲ್ಲ ಸರಿ, ಗುಣಿ ಕಂಡರೆ ಮಾತ್ರ ಬ್ರೇಕ್. ಕ್ರೀಡಾಕೂಟ ಹತ್ತಿರ ಬಂತು. ಕೊನೆಗೆ ಅವರು ಮುಖ ನೋಡದೆ ಹೇಳಿದರು: "ಹಿಂಗೇ ನಿಂತ್ರೆ ಹೆಸರು ಕೊಡಾಕಾಗಲ್ಲ ಕಣಮ್ಮ. ಒಂದ್ ಸಲನಾದ್ರೂ ನೆಲ ಬಿಡು, ಕರ್ಕೊಂಡೋಗ್ತೀನಿ."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಅಲ್ಲಿಯವರೆಗೆ ನನ್ನ ಪಾಲಿಗೆ ಬಂದದ್ದೆಲ್ಲ ಯಾರೋ ವಹಿಸಿದ್ದು. ನಾನೇ ಕೈಯೆತ್ತಿ ಕೇಳಿದ್ದು ಇದೊಂದೇ ಆಗಿತ್ತು.

ಆ ಭಾನುವಾರ ಮೇಷ್ಟ್ರ ಮೊಪೆಡ್ಡು ನಮ್ಮ ತೋಟಕ್ಕೆ ಬಂತು. ಮನೆಯವರಿಗೆ ವಿಷಯ ತಿಳಿಸಿ ಹೋಗಲು ಬಂದಿದ್ದರೇನೋ. ನಾನು ಕಾಯಿ ಕೀಳುತ್ತಿದ್ದೆ. "ಅಲ್ಲಿ ನಿಂತ್ಕಬೇಡಿ ಮೇಷ್ಟ್ರೇ, ತಲೆ ಮೇಲೆ ಬೀಳ್ತದೆ" ಎಂದು ಅಮ್ಮ ಅವರನ್ನು ದೂರ ಸರಿಸಿದಳು. ನಾನು ಗಳ ಎತ್ತಿ, ಗೊನೆಗೆ ಕುಡುಗೋಲು ಸಿಕ್ಕಿಸಿ, ಎರಡೂ ಕೈಯಲ್ಲಿ ಕೆಳಕ್ಕೆ ಜಗ್ಗಿ, ಕತ್ತು ಒಳಗೆಳೆದುಕೊಂಡು ಹಿಂದಕ್ಕೆ ಜಿಗಿದೆ. ಕಾಯಿ ದೊಪದೊಪ ಬಿದ್ದವು. ಮೇಷ್ಟ್ರು ಅವನ್ನು ನೋಡಲೇ ಇಲ್ಲ, ನನ್ನ ಕಾಲು ನೋಡುತ್ತಿದ್ದರು.

"ಇನ್ನೊಂದು ಕೀಳು" ಎಂದರು. ಕಿತ್ತೆ. "ಇನ್ನೊಂದು." ಅದನ್ನೂ ಕಿತ್ತೆ. ಅವರು ಮರ ಸುತ್ತತೊಡಗಿದರು.

"ಸಿಕ್ತು ಬುಡು. ಗಳ ಮೇಲಕ್ಕೆ ಹೋದೇಟಿಗೆ ಕೆಳಕ್ಕೆ ಎಳೀತೀಯ. ಎಳೆದೇಟಿಗೆ ಹಿಂದಕ್ಕೆ ಓಡ್ತೀಯ. ಗ್ರೌಂಡಲ್ಲಿ ಯಾವ ಕಾಯಿ ಬೀಳ್ತದೆ ಅಂತ ಹಂಗೆ ಹೆದರ್ತೀಯಮ್ಮ?"

ಅಮ್ಮ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೆ ನಾಚಿಕೆಯಾಯಿತು. ಯಾವ ಕೈರೂಢಿ ನೋಡಿ ಅವರು ನನ್ನನ್ನು ಆರಿಸಿದ್ದರೋ ಅದೇ ನನ್ನನ್ನು ನೆಲಕ್ಕೆ ಹಿಡಿದಿತ್ತು.

"ಎಳೀಬಾರ್ದು, ಮೇಲಕ್ಕೆ ನೂಕ್ಬೇಕು. ಎದೆ ಮುಂದಕ್ಕೆ ಹೋಗ್ಬೇಕು" ಎಂದರು. ಕೈ ಹಳೆಯದನ್ನು ಮರೆಯುವವರೆಗೆ ನಾನು ಮನೆಯ ಗಳ ಮುಟ್ಟಬಾರದು ಎಂದೂ ಅಪ್ಪಣೆಯಾಯಿತು.

"ಹಂಗಾದ್ರೆ ಕಾಯಿ ಕೀಳೋರ್ ಯಾರು?" ಅಮ್ಮ ಕೇಳಿದಳು.

"ನಾನ್ ಬತ್ತೀನಿ."

ತಮಾಷೆ ಎಂದುಕೊಂಡೆವು. ಮುಂದಿನ ಭಾನುವಾರ ಬಂದೇಬಿಟ್ಟರು. ಅದರ ಮುಂದಿನ ಭಾನುವಾರವೂ ಬಂದರು. ಒಂದು ಮರದಡಿ ನಿಲ್ಲುವ ಸಹನೆ ಅವರಿಗಿಲ್ಲ. ಈ ಮರಕ್ಕೆ ತಿವಿದು, ಆ ಮರಕ್ಕೆ ತಿವಿದು, ಗೊನೆ ಬಿಟ್ಟು ಗರಿ ಕೊಯ್ಯುತ್ತಿದ್ದರು. ಬದುವಿನ ಮೇಲೆ ಕೂತ ಅಪ್ಪ ಎಡಕ್ಕೆ ಬಲಕ್ಕೆ ಎಂದು ಅಧಿಕಾರ ನಡೆಸುತ್ತಿದ್ದ. ಭುಜ ಬಿದ್ದ ಮೇಲೆ ಅವನು ಅಷ್ಟು ಗೆಲುವಾಗಿದ್ದುದನ್ನು ನಾನು ಕಂಡಿರಲಿಲ್ಲ. "ನೀವು ಕೀಳೋ ಹೊತ್ಗೆ ಅವೇ ಒಣಗಿ ಬೀಳ್ತವೆ ಬುಡಿ ಮೇಷ್ಟ್ರೇ" ಎಂದು ಅಮ್ಮ ರೇಗಿಸುವಳು. ಒಮ್ಮೆ ಒಂದು ಕಾಯಿ ತೋಳು ಸವರಿಕೊಂಡೇ ಬಿತ್ತು. ಮೇಷ್ಟ್ರು ತೋಳು ಉಜ್ಜಿಕೊಂಡು ಮುಂದಿನ ಮರಕ್ಕೆ ನಡೆದರು.

ಇತ್ತ ಮೈದಾನದಲ್ಲಿ ನನಗೆ ಓಟವೇ ಬಂದ್. ಗೋಡೆಗೆ ಪೋಲ್ ಊರಿ ಮೇಲಕ್ಕೆ ನೂಕುವುದು, ಆಮೇಲೆ ನಡೆದುಬಂದು ನೂಕುವುದು, ಆಮೇಲೆ ಸ್ವಲ್ಪ ಓಡಿ. ನಿಧಾನ ಎಂದರೆ ನನಗೆ ಜೀವ ಹೋಗುತ್ತಿತ್ತು, ಅವರಿಗೂ ಹೋಗುತ್ತಿತ್ತು. ಆದರೂ ಇಬ್ಬರೂ ಹಲ್ಲು ಕಚ್ಚಿದೆವು. ಒಂದು ಸಂಜೆ ಕೈ ಮೇಲೆ ಹೋಯಿತು, ಎದೆ ಮುಂದಕ್ಕೆ ಹೋಯಿತು, ಕಾಲ ಕೆಳಗೆ ನೆಲ ಇರಲಿಲ್ಲ. ತೆಂಗಿನ ನಾರು ತುಂಬಿದ ಗೋಣಿಚೀಲಗಳ ಮೇಲೆ ಬಿದ್ದು ಕಣ್ಣುಬಿಟ್ಟರೆ, ಮೇಷ್ಟ್ರು ನನ್ನ ಹೆಸರು ಕೊಡಲು ಆಗಲೇ ಆಫೀಸಿನ ಕಡೆ ಓಡುತ್ತಿದ್ದರು.

ಕ್ರೀಡಾಕೂಟದಲ್ಲಿ ಮೊದಲ ಎತ್ತರಕ್ಕೇ ನನ್ನ ಹಳೆಯ ರೋಗ ಮರುಕಳಿಸಿತು. ಒಂದು ಸಲ ನಿಂತೆ, ಇನ್ನೊಂದು ಸಲವೂ ನಿಂತೆ. ಉಳಿದದ್ದು ಒಂದೇ ಅವಕಾಶ. ಮೇಷ್ಟ್ರು ಹಗ್ಗದ ಆಚೆ ಬಂದು ನಿಂತು ಮೆಲ್ಲಗೆ ಹೇಳಿದರು: "ಕಾಯಿ ಬೀಳಲ್ಲ ಕಣಮ್ಮ. ಹೋಗು."

ಹೋದೆ. ಬೆನ್ನಿಗೆ ಹಾಸಿಗೆ ತಾಗಿದಾಗ ಅಡ್ಡಕೋಲು ಮೇಲೆ ಅಲುಗಾಡುತ್ತಲೇ ಇತ್ತು, ಬೀಳಲಿಲ್ಲ. ಎದ್ದು ಮೇಷ್ಟ್ರನ್ನು ಹುಡುಕಿದರೆ ಅವರು ನನಗೆ ಬೆನ್ನು ಹಾಕಿ ಗೇಟಿನ ಕಡೆ ಹೋಗುತ್ತಿದ್ದರು. ಮುಂದಿನ ಎತ್ತರದಲ್ಲಿ ಕೋಲು ಉರುಳಿತು, ಬಹುಮಾನವೂ ಬರಲಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ. ಬಸ್ಸಿನಲ್ಲಿ ಊರು ಬರುವವರೆಗೂ ಅವರು ಓಟದ ಗುರುತಿನ ಬಗ್ಗೆ ಮಾತಾಡಿದರೇ ಹೊರತು ಚೆನ್ನಾಗಿ ಹಾರಿದೆ ಎಂದು ಒಂದು ಮಾತು ಹೇಳಲಿಲ್ಲ. ಆ ಮುನಿಸನ್ನು ನಾನು ಮದುವೆಯಾಗಿ ಅರಸೀಕೆರೆಗೆ ಬರುವಾಗಲೂ ಜೊತೆಗೇ ತಂದೆ.

ಎಷ್ಟೋ ವರ್ಷಗಳ ಮೇಲೆ, ಮೇಷ್ಟ್ರು ಲಕ್ವ ಹೊಡೆದು ಶೆಟ್ಟಿಕೆರೆಯ ತಮ್ಮ ಮನೆಯಲ್ಲಿ ಮಲಗಿದ್ದಾರೆ ಎಂದು ತಿಳಿದಾಗ ನೋಡಲು ಹೋದೆ. ಆ ಮನುಷ್ಯ ಅಲುಗಾಡದೆ ಮಲಗಿದ್ದುದನ್ನು ನೋಡಿ ನನಗೇ ಕೂರಲಾಗಲಿಲ್ಲ. ಕೇಳಬಾರದಿತ್ತು, ಕೇಳಿಬಿಟ್ಟೆ: "ಅವತ್ತು ನಾನು ಹಾರಿದ್ದು ಯಾಕೆ ಸಾರ್ ನೋಡ್ಲಿಲ್ಲ?"

ಮಾತು ತೊದಲುತ್ತಿತ್ತು. ಅವರ ಹೆಂಡತಿ ಬಗ್ಗಿ ಕೇಳಿಸಿಕೊಂಡು ನನಗೆ ಬಿಡಿಸಿ ಹೇಳಬೇಕಾಯಿತು.

"ನೀನು ನೆಲ ಬಿಟ್ಟಿದ್ ನೋಡ್ದೆ ಕಣಮ್ಮ. ಅಲ್ಲಿಗಂಟ ನಂದು. ಮೇಲಿಂದೆಲ್ಲ ನಿಂದು."

ಮಂಚದ ಪಕ್ಕ ನಿಂತೇ ಅತ್ತೆ. ಮರುವಾರ ಅವರು ಹೋದ ಸುದ್ದಿ ಬಂತು.