ಕೂಸಿನ ಕಿವಿಗೆ ಬಿದ್ದ ಬೆಳ್ಳಕ್ಕಿ

ಆಗೆಲ್ಲ ನಮ್ಮ ಸಿಂಧಘಟ್ಟದ ಬೀದಿಯಲ್ಲಿ ನಿಂತು ನಾಲ್ಕು ಹೆಸರು ಕೂಗಿದರೆ ಅರ್ಧ ಕಾಡೇ ಓಡಿಬರುತ್ತಿತ್ತು. ತಾತ ಬಸವೇಗೌಡ, ಪಕ್ಕದ ಮನೆಯ ನಾಗಣ್ಣ, ಹಾಲಿನ ಡೈರಿಯ ನರಸಿಂಹ, ಮೀನಿನಂಥ ಕಣ್ಣಿನವಳು ಎಂಬ ಅರ್ಥದ ನಮ್ಮವ್ವ ಮೀನಾಕ್ಷಿ. ನಾನು ಕೋಕಿಲ. ನಮ್ಮ ಸೋದರತ್ತೆ ಆಸೆಪಟ್ಟು ಇಟ್ಟ ಹೆಸರು. ನನ್ನ ಒಡಕು ದನಿ ಕೇಳಿದವರು ಮಾತ್ರ ಆ ಅತ್ತೆಗೆ ಕಿವಿ ಸರಿಯಿರಲಿಲ್ಲವೇನೋ ಎಂದು ನಗುತ್ತಿದ್ದರು. ಶಾಲೆಯ ಪ್ರಾರ್ಥನೆಯಲ್ಲಿ ನನ್ನ ಜಾಗ ಯಾವಾಗಲೂ ಹಿಂದಿನ ಸಾಲು.

ಹಾಗಾಗಿ ತೊಂಬತ್ತರ ದಶಕದ ನಡುವೆ ಅತ್ತಿಗೆ ಬಸುರಿಯಾದಾಗ ನನಗೆ ದೊಡ್ಡ ಜವಾಬ್ದಾರಿ ಬಂದಂತಾಯಿತು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳುವ ಹಕ್ಕು ಅದರ ಅಪ್ಪನ ಅಕ್ಕತಂಗಿಯರದು. ಅಣ್ಣನಿಗೆ ಇದ್ದವಳು ನಾನೊಬ್ಬಳೇ, ಅವನಿಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಒಂಬತ್ತು ವರ್ಷಕ್ಕೇ ಸೋದರತ್ತೆಯಾಗಲಿದ್ದೆ. ನನಗಾದ ಅನ್ಯಾಯ ಕೂಸಿಗೆ ಆಗಬಾರದು ಎಂದು ತೀರ್ಮಾನಿಸಿಬಿಟ್ಟಿದ್ದೆ.

ಅತ್ತಿಗೆ ಶ್ರೀರಂಗಪಟ್ಟಣದ ಕಡೆಯವರು, ಪಿಯುಸಿ ಓದಿದವರು. ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಮಕ್ಕಳ ಹೆಸರುಗಳ ಪುಸ್ತಕವೊಂದು ಅವರ ಟ್ರಂಕಿನಲ್ಲಿತ್ತು. ರಜಾ ದಿನದ ಮಧ್ಯಾಹ್ನ ಮೊರದ ತುಂಬ ಹುರಿಗಾಳು ಇಟ್ಟುಕೊಂಡು ಇಬ್ಬರೂ ಅದನ್ನು ಬಿಡಿಸಿ ಕೂರುತ್ತಿದ್ದೆವು. ಸಾರಿಕಾ ಎಂದರೆ ಮೈನಾ. ಮಯೂರಿ ಎಂದರೆ ಹೆಣ್ಣು ನವಿಲು. ಗಂಡಾದರೆ ಋಷಭ, ಅಂದರೆ ಹೋರಿ. "ಕೊಟ್ಟಿಗೇಲಿ ಆಗ್ಲೇ ಎಲ್ಡವೆ, ಇದೊಂದ್ ಬ್ಯಾರೆ ಯಾಕೆ" ಎಂದು ಅದನ್ನು ನಾನು ಅಲ್ಲೇ ತಳ್ಳಿಹಾಕಿದೆ. ಕಡೆಗೆ ಅತ್ತಿಗೆಯ ಬೆರಳು ಹರಿಣಿಯ ಮೇಲೆ ನಿಂತಿತು. ಹರಿಣಿ ಎಂದರೆ ಜಿಂಕೆ.

"ಎಣ್ಣಾದ್ರೆ ಇದೇ ಕಣೆ ಕೋಕಿಲ. ಮರೀಬ್ಯಾಡ."

"ಮರೀತೀನಾ ಅತ್ಗೆ," ಎಂದೆ.

ಆದರೆ ಅತ್ತಿಗೆ ಚಾಪೆಯ ಮೇಲೆ ತೂಕಡಿಸುವಾಗ ಅವರ ಹೊಟ್ಟೆಯ ಹತ್ತಿರ ಬಾಯಿಟ್ಟು ನಾನು ಕರೆಯುತ್ತಿದ್ದ ಹೆಸರೇ ಬೇರೆ. ಅಪ್ಪ ಗದ್ದೆ ಉಳುವಾಗ ನೇಗಿಲ ಹಿಂದೆಯೇ ಬೆಳ್ಳಕ್ಕಿಗಳು ಹುಳ ಹೆಕ್ಕುತ್ತ ಬರುತ್ತಿದ್ದವು. ಅವು ಮೇಲೆ ಹಾರಿದಾಗ ನಾವು ಮಕ್ಕಳೆಲ್ಲ ಎರಡೂ ಕೈಯ ಉಗುರು ತೋರಿಸಿ ಉಂಗುರ ಕೇಳುತ್ತಿದ್ದೆವು. ಉಗುರಿನಲ್ಲಿ ಬಿಳಿ ಚುಕ್ಕೆ ಮೂಡಿದರೆ ಅದೇ ಬೆಳ್ಳಕ್ಕಿ ಕೊಟ್ಟ ಉಂಗುರ. ನನ್ನ ಹೆಬ್ಬೆರಳಲ್ಲಿ ಒಂದಿತ್ತು. "ಬೆಳ್ಳಕ್ಕಿ, ನಿಂಗೂ ಒಂದು ಉಂಗ್ರ ಕೇಳಿವ್ನಿ," ಎಂದು ಹೊಟ್ಟೆಯೊಳಗಿನ ಕೂಸಿಗೆ ದಿನಾ ವರದಿ ಒಪ್ಪಿಸುತ್ತಿದ್ದೆ.

ಕೂಸು ಹೆಣ್ಣಾಯಿತು, ಅತ್ತಿಗೆಯ ತವರಿನಲ್ಲಿ. ತೊಟ್ಟಿಲ ಶಾಸ್ತ್ರಕ್ಕೆ ನಾವೆಲ್ಲ ಪಾಂಡವಪುರದ ಮೇಲೆ ಬಸ್ಸಿನಲ್ಲಿ ಹೊರಟೆವು. ಕಿಟಕಿಯಿಂದ ಆಲೆಮನೆಗಳ ಬಿಸಿ ಬೆಲ್ಲದ ವಾಸನೆ ಬರುತ್ತಿತ್ತು. ನಾನು ಹರಿಣಿ, ಹರಿಣಿ ಎಂದು ಉರು ಹೊಡೆಯುತ್ತಲೇ ಇದ್ದೆ.

ಅವರ ಮನೆಯ ಜಗುಲಿಯಿಂದ ಕರಿಘಟ್ಟ ಕಾಣುತ್ತಿತ್ತು. ಒಳಗೆ ಸಾಂಬ್ರಾಣಿ ಹೊಗೆ, ಒಬ್ಬಟ್ಟು ಬೇಯುವ ಘಮ, ತುಂಬ ಹೆಂಗಸರು. ಕೂಸು ಅತ್ತಿಗೆಯ ಹಾಗೆಯೇ ಕಪ್ಪು, ದುಂಡಗೆ. "ಬಣ್ಣ ಅವ್ವಂದೇಯ," ಎಂದು ಯಾರೋ ಅಂದದ್ದು ಅತ್ತಿಗೆಗೂ ಕೇಳಿಸಿತು. ಅವರು ತಲೆ ಬಗ್ಗಿಸಿ ಸೆರಗು ಸರಿಮಾಡಿಕೊಂಡರು.

ನನ್ನನ್ನು ತೊಟ್ಟಿಲ ಪಕ್ಕ ಮಣೆಯ ಮೇಲೆ ನಿಲ್ಲಿಸಿದರು. ಎಲ್ಲರ ಕಣ್ಣೂ ನನ್ನ ಮೇಲೆ. ಬಗ್ಗಿದೆ. ತಲೆ ಪೂರ್ತಿ ಖಾಲಿ. ಪುಸ್ತಕದ ಪುಟ ಕಣ್ಣಿಗೆ ಕಟ್ಟಿತು, ಅದರಲ್ಲಿನ ಅಕ್ಷರ ಮಾತ್ರ ಕಾಣಲಿಲ್ಲ. ತಿಂಗಳುಗಟ್ಟಲೆ ಬಾಯಿಗೆ ರೂಢಿಯಾಗಿದ್ದ ಹೆಸರು ತಾನಾಗಿಯೇ ಹೊರಬಿತ್ತು. ನನ್ನದು ಒಡಕು ದನಿ ಬೇರೆ, ಕಿವಿಯಲ್ಲಿ ಹೇಳಿದ್ದು ಜಗುಲಿಯ ಗಂಡಸರಿಗೂ ಕೇಳಿತು.

"ಬೆಳ್ಳಕ್ಕಿ, ಬೆಳ್ಳಕ್ಕಿ, ಬೆಳ್ಳಕ್ಕಿ."

ಯಾರೋ ಕಿಸಕ್ಕನೆ ನಕ್ಕರು. ಅತ್ತಿಗೆಯ ಕಣ್ಣು ತುಂಬಿ ಬಂತು. "ನೀನೂ ಆಡ್ಕಂಡ್ಯಾ ಕೋಕಿಲ?" ಎಂದರು. ಕಪ್ಪು ಕೂಸಿಗೆ ಬೆಳ್ಳಕ್ಕಿ ಎಂದದ್ದು ಹೇಗೆ ಕೇಳಿಸಿರಬಹುದು ಎಂದು ನನಗೆ ಆಗಷ್ಟೇ ಹೊಳೆಯಿತು. ಅಲ್ಲೇ ಭೂಮಿಗಿಳಿದು ಹೋಗಬೇಕೆನಿಸಿತು.

"ಅದ್ನ ಬುಟ್ಬುಡು, ಇನ್ನೊಂದ್ಸಲ ಸರ್ಯಾಗೇಳು," ಎಂದ ಅಣ್ಣ.

ನಮ್ಮಜ್ಜಿ ಅಡ್ಡ ಬಂದಳು. "ಅಂಗೆಲ್ಲ ಬುಡಕಾಯ್ತದೇನ್ಲಾ? ಸೋದ್ರತ್ತೆ ಬಾಯಿಂದ ಕಿವಿಗೆ ಬಿದ್ದದ್ದು ಬಿದ್ದಂಗೇಯ. ಇಸ್ಕೂಲಿಗೆ ನಿಮ್ಗೆ ಬೇಕಾದ್ದು ಬರ್ಸ್ಕಳಿ."

ಅತ್ತಿಗೆ ಕೂಸನ್ನು ಎತ್ತಿ ಎದೆಗೊತ್ತಿಕೊಂಡರು. "ಅದ್ರ ಅರ್ಥನಾದ್ರೂ ಏಳು," ಎಂದರು. ಪುಸ್ತಕದಲ್ಲಿ ಇಲ್ಲದ ಹೆಸರಿಗೆ ನಾನೇ ಅರ್ಥ ಹೇಳಬೇಕಾಯಿತು.

"ಬೆಳ್ಳಗದೆ ಅಂತ ಅಲ್ಲ ಅತ್ಗೆ," ಎಂದು ಅಳುತ್ತಲೇ ಶುರುಮಾಡಿದೆ. "ಅಪ್ಪ ಉಳುವಾಗ ಅದು ಎತ್ತಿನ ಕಾಲತ್ರನೇ ಓಡಾಡ್ತದೆ. ಎತ್ತು ಕೊಂಬಾಡ್ಸುದ್ರೂ ಎದ್ರಕಿಲ್ಲ. ಆರ್ಕಂಡೋದ್ರೂ ತಿರ್ಗಾ ನಮ್ ಗದ್ದೆಗೇ ಬತ್ತದೆ. ಜಿಂಕೆ ಆದ್ರೆ ನಮ್ನ ಕಂಡ್ರೆ ಓಡೋಯ್ತದೆ."

ಅತ್ತಿಗೆ ಅಳುವಿನ ನಡುವೆಯೇ ನಕ್ಕುಬಿಟ್ಟರು. ಸಂಜೆ ಪುಸ್ತಕದ ಕೊನೆಯ ಖಾಲಿ ಪುಟದಲ್ಲಿ ಅವರೇ ಬರೆದರು: ಬೆಳ್ಳಕ್ಕಿ, ಹೆದರದವಳು, ಹೋದರೂ ಮರಳಿ ಬರುವವಳು. ಆಮೇಲೆ ಇಬ್ಬರೂ ಕೂಸಿನ ಮುಷ್ಟಿ ಬಿಡಿಸಿ ಉಗುರುಗಳನ್ನೆಲ್ಲ ನೋಡಿದೆವು. ಉಂಗುರ ಇರಲಿಲ್ಲ. "ತಿರ್ಗಾ ಕೇಳಾನ ಬುಡು," ಎಂದರು ಅತ್ತಿಗೆ.

ಶಾಲೆಯಲ್ಲಿ, ಕಾಗದಪತ್ರದಲ್ಲಿ ಅವಳು ಹರಿಣಿ. ಈಗಿನ ಕೂಸುಗಳ ಹೆಸರು ಮೊಬೈಲಿನಲ್ಲಿ ಆಯ್ಕೆಯಾಗಿ, ಕಾರ್ಡಿನಲ್ಲಿ ಅಚ್ಚಾಗಿ, ಆಮೇಲೆ ಸೋದರತ್ತೆಯ ಬಾಯಿಗೆ ಬರುತ್ತದೆ. ತಪ್ಪಲು ಅವಕಾಶವೇ ಇಲ್ಲ. ತಪ್ಪನ್ನೇ ಹೆಸರಾಗಿ ಉಳಿಸಿಕೊಟ್ಟ ಅಜ್ಜಿಯೂ ಈಗಿಲ್ಲ. ಎತ್ತುಗಳು ಹೋಗಿ ಟ್ರಾಕ್ಟರು ಬಂತು. ಬೆಳ್ಳಕ್ಕಿಗಳು ಅದಕ್ಕೂ ಹೆದರದೆ ಹಿಂದೆ ಓಡಾಡುತ್ತವೆ. ಪುಸ್ತಕವನ್ನು ಗೆದ್ದಲು ತಿಂದು, ಅತ್ತಿಗೆ ಬರೆದ ಸಾಲೂ ಹೋಯಿತು. ಆ ಹೆಸರು ಹಿಡಿದು ಕರೆಯುವವರು ಈಗ ನಾನು, ಅತ್ತಿಗೆ ಇಬ್ಬರೇ. ನಮ್ಮ ನಂತರ ಅದು ಯಾರ ಬಾಯಲ್ಲೂ ಇರುವುದಿಲ್ಲವಲ್ಲ ಎಂದು ಒಮ್ಮೊಮ್ಮೆ ಸಂಕಟವಾಗುತ್ತದೆ.

ಮೊನ್ನೆ ಯಾವುದೋ ಹೊಸ ನಂಬರಿನಿಂದ ಫೋನ್ ಬಂತು. ಯಾರು ಎಂದು ಕೇಳಿದೆ.

"ನಾನು ಕಣತ್ತೆ, ಬೆಳ್ಳಕ್ಕಿ. ನಾಳೆ ಊರ್ಗೆ ಬತ್ತಾವ್ನಿ."