ಮೇಜಿನ ಕಾಲಿಗಿಟ್ಟ ಕುಂಕುಮ

ಕತ್ತಲೆ ಕೋಣೆಯೊಳಗೆ ಹೋಗುವ ಮುನ್ನ ಮೇಡಂ ಜಡೆಯಲ್ಲಿದ್ದ ಮಲ್ಲಿಗೆ ತೆಗೆದು, ಬಾಗಿಲ ಹೊರಗಿನ ಸ್ಟೀಲ್ ಲೋಟದಲ್ಲಿ ಇಡುತ್ತಿದ್ದರು. ಸಂಜೆ ಬಾಡಿದ್ದನ್ನೇ ಮುಡಿದು ಬಸ್ಸಿಗೆ ನಡೆಯುತ್ತಿದ್ದರು. "ಹೂವಿನ ಪುಡೀನೂ ಬೆಳಕಿಗೆ ಅಡ್ಡ ಕಣ್ರೀ" ಎನ್ನುತ್ತಿದ್ದರು.

ಅದು ಎಂಬತ್ತರ ದಶಕದ ಪೀಣ್ಯ. ಎಸ್ಸೆಸ್ಸೆಲ್ಸಿ ಮುಗಿಸಿದ್ದ ನಾನು ಅಲ್ಲಿನ ಒಂದು ಶೆಡ್ಡಿನಲ್ಲಿ ಗಾಜು ಪಾಲಿಶ್ ಮಾಡುತ್ತಿದ್ದೆ. ನಾನು ಪಾಲಿಶ್ ಮಾಡಿದ ದಪ್ಪ ತುಂಡುಗಳೊಳಗೆ ನಮ್ಮ ಇಂಜಿನಿಯರ್ ಮೇಡಂ ಆ ಕತ್ತಲೆ ಕೋಣೆಯಲ್ಲಿ ಲೇಸರ್ ಹಾಯಿಸಿ ಪರೀಕ್ಷಿಸುತ್ತಿದ್ದರು. ರೆಪ್ಪೆ ಬಡಿಯುವುದರೊಳಗೆ ಹುಟ್ಟಿ ಸತ್ತುಹೋಗುವ ಬೆಳಕು ಅದು. ಸಮನಾಗಿ ಹರಡಿಕೊಂಡು ಹೋದರೆ ಗಾಜಿಗೆ ಏನೂ ಆಗದು. ದಾರಿಯಲ್ಲಿ ಒಂದು ಧೂಳಿನ ಕಣ ಸಿಕ್ಕಿ ಕದಡಿದರೆ, ಮುಂದೆ ಒಂದೇ ಕಡೆ ಗುಂಪುಗೂಡಿ ಗಾಜಿನ ಹೊಟ್ಟೆಯೊಳಗೆ ಕೂದಲೆಳೆಯಂಥ ಬಿರುಕು ಮೂಡಿಸುತ್ತದೆ. "ಸಿಟಿ ಬಸ್ಸಿನ ಬಾಗ್ಲಲ್ಲಿ ಜನ ನುಗ್ದಂಗೆ" ಎಂದು ಮೇಡಂ ನನಗೆ ತಿಳಿಸಿ ಹೇಳಿದ್ದರು.

ಆಯುಧಪೂಜೆಗೆ ಎಲ್ಲ ಯಂತ್ರಗಳಿಗೂ ಕುಂಕುಮ ಇಟ್ಟೆವು. ಲೇಸರಿಗೆ ಮಾತ್ರ ಬೇಡವೆಂದು ಮೇಡಂ ಹೇಳಿ ಹೋಗಿದ್ದರು. ನನಗೆ ಮನಸ್ಸು ಒಪ್ಪಲಿಲ್ಲ. ಅನ್ನ ಕೊಡುವ ಯಂತ್ರವನ್ನು ಬರೀ ಹಣೆಯಲ್ಲಿ ಬಿಡುವುದೇ? ಲೆನ್ಸಿಗೊಂದು ಬೊಟ್ಟಿಟ್ಟು ಕೈಮುಗಿದೆ. ರಜೆ ಮುಗಿದ ದಿನ ಎಲ್ಲರಿಗಿಂತ ಮೊದಲು ಬಂದು ಒರೆಸಿದೆ. ಎಲ್ಲೋ ಒಂದು ಕಣ ಉಳಿಯಿತು.

ಅಂದೇ, ಪರೀಕ್ಷೆ ನೋಡಲು ಬಂದಿದ್ದ ಗಿರಾಕಿಗಳ ಕಣ್ಣೆದುರೇ ಗಾಜು ಬಿರುಕುಬಿಟ್ಟಿತು. ಸಾಹೇಬರು ಕೂಗಾಡಿದರು: "ಯಾರ್ರೀ ಇದನ್ನ ಮುಟ್ಟಿದ್ದು? ಇವತ್ತೇ ಗೇಟಿನಾಚೆ ದಬ್ತೀನಿ!"

ಮೇಡಂ ಭೂತಗನ್ನಡಿಯಲ್ಲಿ ಲೆನ್ಸ್ ನೋಡಿದರು. ತಲೆಯೆತ್ತಿ ನನ್ನನ್ನು ನೋಡಿದರು.

"ಶುರು ಮಾಡೋಕ್ಮುಂಚೆ ನಾನು ನೋಡ್ಕೋಬೇಕಿತ್ತು ಸಾರ್. ತಪ್ಪು ನಂದು" ಎಂದರು.

ಆ ವರ್ಷ ಬರಬೇಕಿದ್ದ ಬಡ್ತಿ ಅವರಿಗೆ ಬರಲಿಲ್ಲ. ನಾನು ಬಾಯಿ ಬಿಡಲಿಲ್ಲ. ಮನೆಯಲ್ಲಿ ಬಸುರಿ ಹೆಂಡತಿ ಇದ್ದಳು. ಅದು ಕಾರಣವಿರಬಹುದು, ಸಮರ್ಥನೆಯಲ್ಲ.

ಮರುವರ್ಷದ ಪೂಜೆಗೆ ಮೇಡಂ ತಾವೇ ಕುಂಕುಮದ ಬಟ್ಟಲು ತಂದರು. "ಬನ್ನಿ ಅಣ್ಣ, ಲೇಸರ್ ಮೇಜಿನ ಕಾಲಿಗೆ ಇಡಿ. ದೇವ್ರಿಗೆ ಅಲ್ಲೂ ಕಾಣುತ್ತೆ." ಬೊಟ್ಟಿಡಲು ಬಗ್ಗುವಾಗ ಬಟ್ಟಲು ಓರೆಯಾಗಿ ಕುಂಕುಮ ನೆಲಕ್ಕೆ ಚೆಲ್ಲಿತು. ಬಟ್ಟೆ ತರಲು ಎದ್ದೆ. "ನೀವ್ ಬೇಡಪ್ಪ! ನಿಮಗೆ ಸರಿಯಾಗಿ ಒರೆಸೋಕೆ ಬರಲ್ಲ" ಎಂದು ನಕ್ಕು ತಾವೇ ಒರೆಸಿದರು. ಅಷ್ಟೇ. ಮತ್ತೆಂದೂ ಆ ಮಾತು ತೆಗೆಯಲಿಲ್ಲ.

ಮೇಡಂ ಕೆಲಸ ಬಿಟ್ಟು ಹೋಗುವಾಗ ಆ ಬಿರುಕು ಗಾಜನ್ನು ನನ್ನ ಕೈಗಿಟ್ಟು, "ಪಾಲಿಶ್ ಮಾತ್ರ ಸಕ್ಕತ್ತಾಗಿತ್ತು" ಎಂದರು. ಆಗಲೂ ನಾನು ಹೇಳಲಿಲ್ಲ. ಹೋದ ವರ್ಷ ಅವರು ತೀರಿಕೊಂಡರು.

ಅವರು ಉಳಿಸಿದ ಕೆಲಸದಲ್ಲೇ ನನ್ನ ಮಕ್ಕಳು ಉಂಡು ಬೆಳೆದರು. ಗಾಜು ಈಗಲೂ ನನ್ನ ಮೇಜಿನ ಮೇಲಿದೆ. ಆಯುಧಪೂಜೆ ಬಂದರೆ ಅದನ್ನು ಮುಟ್ಟುವುದಿಲ್ಲ. ಮಂಡಿಯೂರಿ ಮೇಜಿನ ಕಾಲಿಗೆ ಕುಂಕುಮ ಇಡುತ್ತೇನೆ.